ಹಡಗು ಎಣಿಸಲು ಕಳಿಸುತ್ತಿದ್ದ ಡಾಕ್ಟರು

ಅವರ ಮೇಜು ಬಾಗಿಲಿನಿಂದ ಹದಿನಾಲ್ಕು ಹೆಜ್ಜೆ ದೂರದಲ್ಲಿತ್ತು. ಹದಿನಾಲ್ಕು ಅಂತ ನಾನು ಅಳೆದದ್ದಲ್ಲ, ಅವರೇ ಹೇಳಿದ್ದು. ವಿಶಾಖಪಟ್ಟಣದ ನಮ್ಮ ಕಾರ್ಖಾನೆಯ ಆಸ್ಪತ್ರೆಯಲ್ಲಿ ಉಳಿದ ಡಾಕ್ಟರುಗಳೆಲ್ಲ ಬಾಗಿಲ ಪಕ್ಕದಲ್ಲೇ ಮೇಜು ಹಾಕಿಕೊಂಡು, ಬಂದವರನ್ನು ಬಂದ ಹಾಗೇ ಸ್ಟೂಲಿನ ಮೇಲೆ ಕೂರಿಸಿ ಚೀಟಿ ಬರೆದು ಕಳಿಸುತ್ತಿದ್ದರು. ಇವರು ಮಾತ್ರ ಹಳೇ ಸ್ಟೋರ್ ರೂಮು ಬೇಕೆಂದು ಹಟ ಹಿಡಿದು ಕೇಳಿ ಪಡೆದು, ಆ ಉದ್ದನೆಯ ಕೋಣೆಯ ಕೊನೆಯ ಗೋಡೆಗೆ ಬೆನ್ನು ಕೊಟ್ಟು ಕೂತಿದ್ದರು. ರೋಗಿ ಬಾಗಿಲು ತಳ್ಳಿಕೊಂಡು ಬಂದು ಮೇಜು ಮುಟ್ಟುವುದರೊಳಗೆ ಅರ್ಧ ತಪಾಸಣೆ ಮುಗಿದಿರುತ್ತಿತ್ತು. ಯಾವ ಕಾಲು ಎಳೆಯುತ್ತಾನೆ, ಎಷ್ಟನೇ ಹೆಜ್ಜೆಗೆ ಉಸಿರು ಮೇಲಾಗುತ್ತದೆ, ನೋವು ನಿಜವಾದದ್ದೋ ರಜೆಗಾಗಿ ಬಂದದ್ದೋ, ಎಲ್ಲ ಆ ಹದಿನಾಲ್ಕು ಹೆಜ್ಜೆಯಲ್ಲಿ ಗೊತ್ತಾಗುತ್ತದೆ ಅನ್ನುತ್ತಿದ್ದರು.

ಅವರು ವಿಜಯವಾಡದಲ್ಲಿ ತೀರಿಕೊಂಡು ಇವತ್ತಿಗೆ ಮೂರು ವಾರ. ಹೆಸರು ಬರೆಯುವುದಿಲ್ಲ. ಬರೆದರೆ ಬೈಯುತ್ತಿದ್ದರು ಅನ್ನುವುದು ಒಂದು ಕಾರಣ. ಇನ್ನೊಂದು ಕಾರಣ, ಇಲ್ಲಿ ಹೇಳಬೇಕಾಗಿರುವ ಕೆಲವು ಸಂಗತಿಗಳು ಕಾರ್ಖಾನೆಯ ಯಾರಿಗೂ ಇಷ್ಟವಾಗುವಂಥವಲ್ಲ, ನಾನು ಇನ್ನೂ ಅಲ್ಲೇ ಕೆಲಸದಲ್ಲಿದ್ದೇನೆ. ಇವತ್ತು ರಜೆ ಹಾಕಿ ಇದನ್ನು ಬರೆಯಲು ಕೂತಿದ್ದೇನೆ.

ನಾನು ಆ ಆಸ್ಪತ್ರೆಯ ಫಿಸಿಯೋಥೆರಪಿಸ್ಟು. ತುಮಕೂರು ಕಡೆಯವಳು, ಯಜಮಾನರ ಕೆಲಸದ ಬೆನ್ನು ಹತ್ತಿ ಇಲ್ಲಿಗೆ ಬಂದವಳು. ಡಾಕ್ಟರು ಧಾರವಾಡದ ಕಡೆಯವರು, ವಿಜಯವಾಡದ ತೆಲುಗು ಮನೆಯ ಅಳಿಯ. ಇಡೀ ಆಸ್ಪತ್ರೆಯಲ್ಲಿ ಕನ್ನಡ ಬರುತ್ತಿದ್ದದ್ದು ನಮ್ಮಿಬ್ಬರಿಗೇ. ಆದರೆ ನಾವಿಬ್ಬರೂ ಮಾತಾಡುವುದನ್ನು ಕೇಳಿದ ನಮ್ಮ ಕಾಂಪೌಂಡರು, ಇವರು ಒಂದು ಭಾಷೆ, ಆಯಮ್ಮ ಇನ್ನೊಂದು ಭಾಷೆ, ಅದು ಹೇಗೋ ಒಬ್ಬರಿಗೊಬ್ಬರಿಗೆ ತಿಳಿಯುತ್ತದೆ ಎಂದು ಎಲ್ಲರಿಗೂ ಹೇಳಿಕೊಂಡು ಬಂದಿದ್ದ. ಸರ್ ನನ್ನನ್ನು ತಂಗಿ ಅನ್ನುತ್ತಿದ್ದರು. ಸಿಟ್ಟು ಬಂದರೆ ಮಾತ್ರ ಆಂಧ್ರದ ಮರ್ಯಾದೆ ಮೈಮೇಲೆ ಬಂದು, ಹೆಸರಿಗೆ 'ಗಾರು' ಸೇರಿಸಿ ಕರೆಯುತ್ತಿದ್ದರು. 'ಗಾರು' ಕಿವಿಗೆ ಬಿತ್ತೆಂದರೆ ಅವತ್ತು ನನ್ನ ಗ್ರಹಚಾರ ಕೆಟ್ಟಿದೆ ಅಂತಲೇ ಅರ್ಥ.

ದಿನಾ ಬೆಳಗ್ಗೆ ಕ್ವಾರ್ಟರ್ಸಿನಿಂದ ಆಸ್ಪತ್ರೆಗೆ ನಡೆದೇ ಬರುತ್ತಿದ್ದರು. ಜನರಿಗೆ ನಡಿಗೆ ಕಲಿಸಿ ಸಂಬಳ ತೆಗೆದುಕೊಳ್ಳುವ ನಾನು ಸ್ಕೂಟರಿನಲ್ಲಿ ಅವರ ಪಕ್ಕದಿಂದ ಭರ್ರನೆ ಹೋಗುತ್ತಿದ್ದೆ. ಒಂದು ದಿನ ಗೇಟಿನಲ್ಲಿ ಹಿಡಿದು ನಿಲ್ಲಿಸಿದರು. "ತಂಗಿ, ನಿನ್ನ ಸ್ಕೂಟರಿಗೆ ಬಿಪಿ ಇಲ್ಲ, ಶುಗರ್ ಇಲ್ಲ. ಪಾಪ ಅದಕ್ಕ್ಯಾಕ ದಿನಾ ಇಷ್ಟು ವಾಕಿಂಗ್ ಮಾಡಸ್ತೀ?" ಅಂದರು. ಪಕ್ಕದಲ್ಲಿದ್ದ ಕಾವಲುಗಾರನಿಗೆ ಕನ್ನಡ ಬಾರದಿದ್ದರೂ ನಕ್ಕ. ನನಗೆ ಮೈ ಉರಿದುಹೋಯಿತು.

ಉರಿದದ್ದು ಯಾಕೆಂದರೆ ಅವರು ಹೇಳಿದ್ದು ನನ್ನ ನೋಯುವ ಹಲ್ಲಿಗೇ ತಾಗಿತ್ತು. ಆಗ ಕೆಲಸಕ್ಕೆ ಸೇರಿ ವರ್ಷವಾಗಿರಲಿಲ್ಲ. ಕ್ಯಾಂಟೀನಿನಲ್ಲಿ ಅಡಿಗೆ ಮಾಡುವ ಹೆಂಗಸೊಬ್ಬಳು ಮೊಣಕಾಲು ನೋವೆಂದು ಬಂದಾಗ, ಸ್ವಲ್ಪ ನಡೆಯಬೇಕಮ್ಮಾ, ತೂಕ ಇಳಿಯಬೇಕು ಅಂದಿದ್ದೆ. ಅವಳು ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿ, ನೀವೂ ಬನ್ನಿ, ಇಬ್ಬರೂ ಸೇರಿ ನಡೆಯೋಣ ಅಂದಳು. ವ್ಯಂಗ್ಯವೋ ವಿಶ್ವಾಸವೋ ಇವತ್ತಿಗೂ ಗೊತ್ತಿಲ್ಲ. ಅವತ್ತಿನಿಂದ ನಾನು ಯಾರಿಗೂ ನಡೆಯಿರಿ ಎಂದು ನಾನಾಗಿ ಹೇಳಲಿಲ್ಲ. ಸರ್ ಚೀಟಿಯಲ್ಲಿ ಬರೆದಿದ್ದರೆ ಓದಿ ಹೇಳುತ್ತಿದ್ದೆ, ಬರೆಯದಿದ್ದರೆ ಕರೆಂಟಿನ ಶಾಖ ಕೊಟ್ಟು ಕಳಿಸುತ್ತಿದ್ದೆ. ಮಾತ್ರೆ ನುಂಗು ಅಂದರೆ ಯಾರಿಗೂ ಬೇಸರವಾಗುವುದಿಲ್ಲ. ನಡೆ ಅಂದರೆ ಮಾತ್ರ, ನಿನ್ನ ರೋಗಕ್ಕೆ ನೀನೇ ಕಾರಣ ಅಂದ ಹಾಗೆ ಕೇಳಿಸುತ್ತದೆ. ಹೇಳುವವರಿಗೂ ನಾಲಿಗೆ ತಡವರಿಸುತ್ತದೆ. ಸಮಯ ಇಲ್ಲ, ನಮ್ಮ ಕೆಲಸ ಅಲ್ಲ, ಹೇಳಿದರೆ ಕೇಳುತ್ತಾರಾ ಅಂತ ಏನೇನೋ ನೆಪ ಹೇಳುತ್ತೇವೆ. ಒಳಗಿರುವುದು ಸಂಕೋಚ, ಅಷ್ಟೇ.

ಅವರಿಗೆ ಆ ಸಂಕೋಚ ಇರಲಿಲ್ಲ. ನಲವತ್ತನೇ ವಯಸ್ಸಿಗೆ ಅವರಿಗೇ ಸಕ್ಕರೆ ಕಾಯಿಲೆ ಬಂದಿತ್ತಂತೆ. ಟೌನ್‌ಶಿಪ್ಪಿನ ಹಿಂದಿನ ಗುಡ್ಡವನ್ನು ದಿನಾ ಹತ್ತಿ ಇಳಿದು ಅದನ್ನು ಹತೋಟಿಗೆ ತಂದುಕೊಂಡಿದ್ದರು. ತಾನು ಮಾಡದ್ದನ್ನು ಇನ್ನೊಬ್ಬರಿಗೆ ಹೇಳುತ್ತಿರಲಿಲ್ಲವಾದ್ದರಿಂದ ಅವರ ಮಾತಿಗೆ ಒಂದು ತೂಕವಿತ್ತು. ಅಷ್ಟಾದರೂ ಅವರ ಬಾಯಲ್ಲಿ ವ್ಯಾಯಾಮ ಎನ್ನುವ ಪದ ಒಮ್ಮೆಯೂ ಕೇಳಿದ ನೆನಪಿಲ್ಲ. ಎಂಟು ಗಂಟೆ ಬೆವರು ಸುರಿಸಿ ಬಂದವನಿಗೆ ವ್ಯಾಯಾಮ ಮಾಡು ಅಂದರೆ ಅವನು ನಗುತ್ತಾನೆ ಇಲ್ಲವೇ ಹೊಡೆಯಲು ಬರುತ್ತಾನೆ ಅನ್ನುತ್ತಿದ್ದರು. ಅವರು ಕಳಿಸುತ್ತಿದ್ದದ್ದು ಹಡಗು ಎಣಿಸಲು. ಗುಡ್ಡದ ತುದಿಗೆ ಹೋದರೆ ಸಮುದ್ರ ಕಾಣುತ್ತದೆ, ಬಂದರಿನ ಒಳಗೆ ಜಾಗ ಸಿಗದ ಹಡಗುಗಳು ಹೊರಗೆ ನಿಂತಿರುವುದು ಕಾಣುತ್ತದೆ. ಹೋಗಿ ನೋಡಿಕೊಂಡು ಬಾ, ಎಷ್ಟು ನಿಂತಿವೆ ಅಂತ ಮುಂದಿನ ಸಲ ಹೇಳು ಅನ್ನುತ್ತಿದ್ದರು. ಮುಂದಿನ ಸಲ ರೋಗಿ ಬಾಗಿಲಲ್ಲಿ ಕಂಡ ಕೂಡಲೇ ಕೋಣೆಯ ಆ ತುದಿಯಿಂದ ಕೂಗುತ್ತಿದ್ದರು, "ಎನ್ನಿ ಓಡಲು?" ಎಷ್ಟು ಹಡಗು ಅಂತ.

ಜನ ಸುಳ್ಳೂ ಹೇಳುತ್ತಿದ್ದರು. ತುಫಾನಿನ ಎಚ್ಚರಿಕೆ ಕೊಟ್ಟು ಮೂರು ದಿನ ಮಳೆ ಹೊಡೆದು ಸಮುದ್ರವೇ ಕಾಣದಿದ್ದ ವಾರದಲ್ಲಿ ಕ್ರೇನ್ ಓಡಿಸುವವನೊಬ್ಬ ಹನ್ನೊಂದು ಹಡಗು ಅಂದ. ಸರ್ ಮುಖದ ಗೆರೆ ಅಲುಗಿಸದೆ ಹನ್ನೊಂದು ಅಂತ ಬರೆದುಕೊಂಡರು. ಆಮೇಲೆ, ಈ ಮಳೆಯಲ್ಲಿ ಹನ್ನೊಂದು ಹಡಗು ಕಾಣುವಷ್ಟು ಕಣ್ಣು ಚೆನ್ನಾಗಿದ್ದರೆ ಕನ್ನಡಕಕ್ಕೆ ಕೊಟ್ಟಿರುವ ಅರ್ಜಿ ವಾಪಸು ತೆಗೆದುಕೋ ಅಂದರು. ಮರುದಿನದಿಂದ ಅವನು ನಿಜವಾಗಿಯೂ ಗುಡ್ಡ ಹತ್ತಿದ. ನಾನೂ ಒಮ್ಮೆ ಕದ್ದು ಹೋಗಿ ನೋಡಿ ಬಂದೆ, ಸ್ಕೂಟರಿನಲ್ಲೇ, ದಾರಿ ಇದ್ದಷ್ಟು ದೂರ.

ಅಪ್ಪಲರಾಜು ನಮ್ಮ ಆಸ್ಪತ್ರೆಗೆ ಬಂದದ್ದು ಈ ದಿನಗಳಲ್ಲಿ. ಅಪ್ಪಲರಾಜು ಕಾರ್ಖಾನೆಯ ಕುಲುಮೆಗಳ ವಿಭಾಗದಲ್ಲಿ ದುಡಿದು ಮೊಣಕಾಲು ಕೆಡಿಸಿಕೊಂಡವನು. ಜೊತೆಗೆ ಸಕ್ಕರೆ, ಬಿಪಿ. ಅವನನ್ನು ಲೈಟ್ ಡ್ಯೂಟಿಗೆ, ಅಂದರೆ ಕೂತು ಮಾಡುವ ಹಗುರ ಕೆಲಸಕ್ಕೆ ಹಾಕಿ, ಹಾಜರಿಯ ಬಿಲ್ಲೆ ಕೊಡುವ ಟೋಕನ್ ರೂಮಿನಲ್ಲಿ ಕೂರಿಸಿದ್ದರು. ಕಾರ್ಖಾನೆ ಗೊತ್ತಿಲ್ಲದವರಿಗೆ ಒಂದು ಮಾತು ಹೇಳಬೇಕು. ಲೈಟ್ ಡ್ಯೂಟಿಯವರು ಸಂಜೆ ಹೊತ್ತು ಟೌನ್‌ಶಿಪ್ಪಿನಲ್ಲಿ ಕಾಲಾಡಿಸುವುದಿಲ್ಲ. ಮಾರ್ಕೆಟ್ಟಿಗೆ ಹೆಂಡತಿಯನ್ನು ಕಳಿಸುತ್ತಾರೆ, ಮದುವೆ ಮನೆಯಲ್ಲಿ ಒಂದೇ ಕುರ್ಚಿಯಲ್ಲಿ ಕೂತು ಎದ್ದು ಬರುತ್ತಾರೆ. ಯಾರಾದರೂ ನೋಡಿ, ಇವನು ಚೆನ್ನಾಗಿ ನಡೆಯುತ್ತಾನಲ್ಲ, ಇವನಿಗ್ಯಾಕೆ ಕೂರುವ ಕೆಲಸ ಅಂದುಬಿಟ್ಟರೆ ಮುಗಿಯಿತು. ಮೊಣಕಾಲಿಗೆ ನಡಿಗೆ ಬೇಕು, ಕೆಲಸಕ್ಕೆ ಕುಂಟು ಬೇಕು. ಅದರಲ್ಲಿ ಗೆಲ್ಲುವುದು ಯಾವಾಗಲೂ ಕುಂಟೇ.

ಹಡಗು ಎಣಿಸಿ ಬಾ ಎಂದು ಸರ್ ಅವನಿಗೆ ಎರಡು ತಿಂಗಳು ಹೇಳಿದರು. ಅವನು ಹೂಂ ಅನ್ನುತ್ತಿದ್ದ, ಹೋಗುತ್ತಿರಲಿಲ್ಲ. ಕೊನೆಗೆ ಒಂದು ದಿನ ನಿಜ ಹೇಳಿದ: ಯಾರಾದರೂ ನೋಡುತ್ತಾರೆ ಸಾರ್. ಸರ್ ಮರುದಿನ ಬೆಳಗ್ಗೆ ಐದಕ್ಕೆ ಅವನ ಮನೆಯ ಮುಂದೆ ನಿಂತಿದ್ದರು. ನನ್ನ ಜೊತೆಗಿರುವಾಗ ಯಾರು ಏನಂತಾರೆ ನೋಡೋಣ, ಆಮೇಲೆ ಏನಾದರೂ ಬಂದರೆ ನಾನಿದ್ದೇನೆ, ನಿನಗೇನೂ ಆಗುವುದಿಲ್ಲ ಅಂತ ಅವನ ಹೆಂಡತಿ ಮಂಗಮ್ಮನ ಎದುರಿಗೇ ಹೇಳಿ ಕರೆದುಕೊಂಡು ಹೋದರು. ಮೊದಲ ದಿನ ಗುಡ್ಡದ ಬುಡದವರೆಗೆ. ಆಮೇಲೆ ಕಾಲು ಭಾಗ. ಆರು ತಿಂಗಳ ಹೊತ್ತಿಗೆ ಅಪ್ಪಲರಾಜು ಒಬ್ಬನೇ ತುದಿಗೆ ಹೋಗಿ, ಹಡಗು ಎಷ್ಟು ಅನ್ನುವುದಷ್ಟೇ ಅಲ್ಲ, ಯಾವುದು ತುಂಬಿದ್ದು ಯಾವುದು ಖಾಲಿ ಅನ್ನುವುದನ್ನೂ ಹೇಳಲು ಶುರು ಮಾಡಿದ್ದ. ತುಂಬಿದ್ದು ನೀರಿನಲ್ಲಿ ಕೆಳಗೆ ಕೂತಿರುತ್ತದೆ ಸಾರ್ ಅಂತ ನಮಗೇ ಪಾಠ ಹೇಳುತ್ತಿದ್ದ. ಸಕ್ಕರೆ ಇಳಿಯಿತು, ಎರಡು ಮಾತ್ರೆ ನಿಂತವು. ಮಂಗಮ್ಮ ಒಂದು ಬುಟ್ಟಿ ತಾಟಿನುಂಗು ಕಳಿಸಿದಳು.

ಅವತ್ತು ಸರ್ ಫೈಲು ಹಿಡಿದುಕೊಂಡು ನನ್ನ ಕೋಣೆಗೇ ಬಂದರು. ಅಷ್ಟು ಖುಷಿ ಅವರ ಮುಖದಲ್ಲಿ ನಾನು ಹಿಂದೆ ನೋಡಿರಲಿಲ್ಲ, ಮುಂದೂ ನೋಡಲಿಲ್ಲ. ಫೈಲಿನಲ್ಲಿ ಬರೆದಿದ್ದರು: ದಿನವೂ ಬೆಳಗ್ಗೆ ಗುಡ್ಡ ಹತ್ತುತ್ತಾನೆ, ಏದುಸಿರಿಲ್ಲ, ಮೊಣಕಾಲು ನೋವಿಲ್ಲ. ಇಪ್ಪತ್ತು ವರ್ಷದಲ್ಲಿ ಇಂಥ ಒಂದು ವಾಕ್ಯ ಬರೆಯುವ ಭಾಗ್ಯ ಎಷ್ಟು ಸಲ ಬಂತು ಹೇಳು ಅಂದರು. ನಾನು ನನ್ನ ಕೆಂಪು ಪೆನ್ನು ಕೊಟ್ಟು, ಇದರ ಕೆಳಗೊಂದು ಗೆರೆ ಹಾಕಿಬಿಡಿ ಸರ್, ಮುಂದೆ ಬರುವ ಡಾಕ್ಟರುಗಳು ನೋಡಿ ಕಲಿಯಲಿ ಅಂದೆ. ತಮಾಷೆಗೆ ಅಂದದ್ದು. ಅವರು ಮಕ್ಕಳ ಹಾಗೆ ಖುಷಿಯಲ್ಲಿ ಗೆರೆ ಎಳೆದೇಬಿಟ್ಟರು.

ಮೂರು ತಿಂಗಳಿಗೆ ಲೈಟ್ ಡ್ಯೂಟಿಯವರ ಪರಿಶೀಲನೆ ಬಂತು. ಹೊಸ ಅಧಿಕಾರಿ, ನೂರಾರು ಫೈಲು. ಒಂದೊಂದರಲ್ಲೂ ಡಾಕ್ಟರ ಗೀಚು ಅಕ್ಷರ, ಓದಲು ಯಾರಿಗೆ ಪುರುಸೊತ್ತು? ಆದರೆ ಅಪ್ಪಲರಾಜುವಿನ ಫೈಲಿನಲ್ಲಿ ಕೆಂಪು ಗೆರೆ ಇತ್ತು. ಗುಡ್ಡ ಹತ್ತುವವನಿಗೆ ಟೋಕನ್ ರೂಮು ಯಾಕೆ ಅಂತ ಅವನನ್ನು ವಾಪಸು ಕುಲುಮೆಯ ಬಳಿಗೆ ಕಳಿಸಿದರು.

ಸರ್ ಆಫೀಸಿಗೆ ಮೂರು ಸಲ ಹೋದರು. ಬೆಳಗಿನ ತಂಪಿನಲ್ಲಿ ತನ್ನ ಪಾಡಿಗೆ ತಾನು ಗುಡ್ಡ ಹತ್ತುವುದು ಬೇರೆ, ಬೆಂಕಿಯ ಮುಂದೆ ಎಂಟು ಗಂಟೆ ಭಾರ ಎತ್ತುವುದು ಬೇರೆ ಎಂದು ಎರಡು ಪುಟ ಬರೆದು ಕೊಟ್ಟರು. ಅಧಿಕಾರಿ ಒರಟನೇನಲ್ಲ. ಕಾಫಿ ತರಿಸಿ ಕೊಟ್ಟು, ಫೈಲು ತೆರೆದಿಟ್ಟು, ಇದು ನಿಮ್ಮದೇ ಕೈಬರಹ ಅಲ್ಲವಾ ಡಾಕ್ಟರುಗಾರು ಅಂತ ಕೇಳಿದನಂತೆ. ಆಫೀಸಿನಿಂದ ಬರುವಾಗ ಸರ್ ಗೇಟಿನ ಬಳಿ ಸಿಕ್ಕರು. ನನ್ನ ಸ್ಕೂಟರಿನ ಬಗ್ಗೆ ಏನೂ ಅನ್ನಲಿಲ್ಲ, ಹಿಂದೆ ಕೂತು ಮನೆಯವರೆಗೆ ಬಂದರು.

ಕುಲುಮೆಗೆ ಹೋದ ಎರಡನೇ ತಿಂಗಳು ಅಪ್ಪಲರಾಜು ಕೆಲಸದ ಜಾಗದಲ್ಲೇ ಬಿದ್ದ. ಹೃದಯಾಘಾತ. ದೊಡ್ಡಾಸ್ಪತ್ರೆಗೆ ಸಾಗಿಸಿ ಜೀವ ಉಳಿಸಿದರು. ಆದರೆ ಹೃದಯದ ಅರ್ಧ ಶಕ್ತಿ ಹೋಗಿತ್ತು. ಬಿದ್ದದ್ದು ಕುಲುಮೆಯ ಕೆಲಸದಿಂದಲೇ ಅಂತ ಖಚಿತವಾಗಿ ಯಾರೂ ಹೇಳಲಾರರು, ಸಕ್ಕರೆ ಇದ್ದವನಿಗೆ ಕೂತಲ್ಲೂ ಆಗಬಹುದಿತ್ತು. ಇದನ್ನು ನಾನು ಸರ್ ಅವರಿಗೆ ನೂರು ಸಲ ಹೇಳಿದ್ದೇನೆ. ನನಗೆ ನಾನೂ ಹೇಳಿಕೊಂಡಿದ್ದೇನೆ.

ಆಮೇಲೆ ಒಂದು ಸೋಮವಾರ ನೋಡಿದರೆ ಅವರ ಮೇಜು ಬಾಗಿಲ ಪಕ್ಕಕ್ಕೆ ಬಂದಿತ್ತು. ಯಾಕೆಂದು ಯಾರೂ ಕೇಳಲಿಲ್ಲ. ಬಂದವರನ್ನು ಬಂದ ಹಾಗೇ ಕೂರಿಸಿ, ಮಾತ್ರೆ ಬರೆದು ಕಳಿಸತೊಡಗಿದರು. ಹಡಗಿನ ಮಾತು ನಿಂತಿತು. ಕೆಲವರು ಅಭ್ಯಾಸಬಲದಿಂದ ತಾವಾಗಿಯೇ, ಇವತ್ತು ಆರು ಸಾರ್ ಅಂದರೆ, ಒಳ್ಳೇದು ಅಂದು ಬಿಪಿ ಪಟ್ಟಿ ಸುತ್ತುತ್ತಿದ್ದರು. ನನ್ನ ಬಳಿ ಬರುವ ಚೀಟಿಗಳಲ್ಲಿ ನಡಿಗೆ ಅನ್ನುವುದು ಕಾಣೆಯಾಯಿತು. ಮೂವತ್ತೈದು ದಾಟದ ಹುಡುಗರು, ಸಕ್ಕರೆ ಮುನ್ನೂರು, ಹೊಟ್ಟೆ ಮುಂದೆ ಬಂದವರು, ಮಾತ್ರೆಯ ಚೀಟಿ ಹಿಡಿದುಕೊಂಡು ಬರುತ್ತಿದ್ದರು. ನಾನು ಶಾಖ ಕೊಟ್ಟು ಕಳಿಸುತ್ತಿದ್ದೆ.

ಒಂದು ದಿನ ತಡೆಯಲಾರದೆ ಹೋಗಿ ಜಗಳವಾಡಿದೆ. ಒಬ್ಬನಿಗೆ ಹಾಗಾಯಿತೆಂದು ಊರಿನವರಿಗೆಲ್ಲ ಹೇಳುವುದನ್ನು ಬಿಟ್ಟರೆ ಹೇಗೆ, ಹೇಳಿದ್ದು ತಪ್ಪಲ್ಲ ಸರ್, ನೀವು ಬರೆದದ್ದು ನಿಜ ಅಂದೆ.

"ಖರೇನ ಬರದಿದ್ದೆ ತಂಗಿ. ಸುಳ್ಳು ಬರದಿದ್ರ ಅಂವ ಇವತ್ತ ಟೋಕನ್ ರೂಮಿನ್ಯಾಗ ಕೂತಿರತಿದ್ದ" ಅಂದರು.

ಬರೆಯಬೇಡಿ, ಬಾಯಲ್ಲಾದರೂ ಹೇಳಿ ಅಂದೆ. ಅವರು ಸ್ವಲ್ಪ ಹೊತ್ತು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದರು. "ಹೇಳಬೇಕಂತ ಬಾಯಿ ತೆಗೀತೀನಿ. ಅಂವ ಎದುರಿಗೆ ಬಂದ ಕೂಡತಾನ. ನನಗ ಹೇಳೋ ಹಕ್ಕು ಇಲ್ಲೇನೋ ಅನಸ್ತದ. ನೀ ಹೇಳವಾ, ನಿಂದೂ ಅದ ಕೆಲಸ ಅಲ್ಲೇನು?"

ನಾನು ಎದ್ದು ಬಂದೆ. ಗೆರೆ ಹಾಕಿ ಎಂದವಳು ನಾನು. ಆ ಮಾತನ್ನು ಅವರು ಅವತ್ತೂ ಆಡಲಿಲ್ಲ, ಆಮೇಲೂ ಯಾವತ್ತೂ ಆಡಲಿಲ್ಲ. ಆಡಿದ್ದರೆ ನನಗೆ ಎಷ್ಟೋ ಹಗುರವಾಗುತ್ತಿತ್ತು.

ಮರುವರ್ಷ ನಿವೃತ್ತಿಯಾಗಿ ಹೆಂಡತಿಯ ಊರು ವಿಜಯವಾಡಕ್ಕೆ ಹೋದರು. ಬೀಳ್ಕೊಡುಗೆಯ ದಿನ ಶಾಲು ಹೊದಿಸಿ ಮಾತಾಡಿದವರೆಲ್ಲ ಹಡಗಿನ ಕಥೆಯನ್ನೇ ಹೇಳಿ ನಗಿಸಿದರು. ಅವರು ಕೈ ಮುಗಿದು ಕೂತರು, ಭಾಷಣ ಮಾಡಲಿಲ್ಲ.

ಅಪ್ಪಲರಾಜುವಿನ ಸಂಸಾರವೂ ಅಷ್ಟರಲ್ಲಿ ವಿಜಯವಾಡಕ್ಕೇ ಹೋಗಿತ್ತು. ಮಂಗಮ್ಮನ ತಮ್ಮನಿಗೆ ಆಟೋನಗರದಲ್ಲಿ ಲಾರಿಗಳ ಸ್ಪ್ರಿಂಗ್ ಪಟ್ಟಿ ಸರಿಮಾಡುವ ಶೆಡ್ಡಿದೆ, ಅದರ ಹಿಂದಿನ ಎರಡು ಕೋಣೆಯಲ್ಲಿ ಇವರು. ಅಪ್ಪಲರಾಜು ಕೆಲಸಕ್ಕೆ ಅನರ್ಹ ಎಂದು ಮೆಡಿಕಲ್ ಬೋರ್ಡು ಒಪ್ಪಿದರೆ ಅವನ ಮಗಳಿಗೆ ಅನುಕಂಪದ ಆಧಾರದ ಮೇಲೆ ಕಾರ್ಖಾನೆಯಲ್ಲಿ ಕೆಲಸ ಸಿಗುತ್ತದೆ. ಅರ್ಜಿ ಹಾಕಿ ಕಾಯುತ್ತಿದ್ದರು. ಮಗಳು ಡಿಗ್ರಿ ಮುಗಿಸಿ ಮನೆಯಲ್ಲಿದ್ದಳು. ಆ ಮನೆಯ ಎಲ್ಲರ ಬದುಕೂ ಆ ಒಂದು ಆರ್ಡರಿನ ಮೇಲೆ ನಿಂತಿತ್ತು.

ನನ್ನ ನಾದಿನಿಯ ಮನೆ ಕೊಂಡಪಲ್ಲಿಯಲ್ಲಿದೆ. ಹೋದ ವರ್ಷ ಅಲ್ಲಿಗೆ ಹೋದವಳು ಸರ್ ಅವರನ್ನು ನೋಡಲು ವಿಜಯವಾಡಕ್ಕೆ ಇಳಿದೆ. ಅವತ್ತು ಗುರುವಾರ. ಬಾ, ಒಂದು ಕಡೆ ಹೋಗುವುದಿದೆ ಅಂತ ಆಟೋ ಹತ್ತಿಸಿದರು. ಪ್ರತಿ ಗುರುವಾರ ತಪ್ಪದೆ ಹೋಗುತ್ತಾರಂತೆ, ಅವರ ಹೆಂಡತಿ, ಅಂದರೆ ಮೇಡಂ, ಹೇಳಿದರು. ಎಲ್ಲಿಗೆ ಎಂದು ಕೇಳಬೇಕಾಗಿರಲಿಲ್ಲ.

ಶೆಡ್ಡಿನ ಮುಂದೆ ಕಬ್ಬಿಣ ಬಡಿಯುವ ಸದ್ದು. ಪಕ್ಕದ ನೆರಳಿನಲ್ಲಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಅಪ್ಪಲರಾಜು. ಗುರುತು ಸಿಗಲಿಲ್ಲ. ಮೈ ಊದಿಕೊಂಡಿತ್ತು, ಪಾದಗಳು ಚಪ್ಪಲಿಯಲ್ಲಿ ಹಿಡಿಸುತ್ತಿರಲಿಲ್ಲ, ತೊಡೆ ಮಾತ್ರ ಬಡಕಲಾಗಿತ್ತು. ಬೆಳಗ್ಗೆ ತಂದು ಕೂರಿಸಿದರೆ ಮಧ್ಯಾಹ್ನ ಊಟಕ್ಕೇ ಎಬ್ಬಿಸುವುದು. ಸರ್ ಇನ್ನೊಂದು ಕುರ್ಚಿ ಎಳೆದುಕೊಂಡು ಅವನ ಪಕ್ಕ ಕೂತರು. ನಾಡಿ ನೋಡಿದರು, ಪಾದ ಒತ್ತಿ ನೋಡಿದರು, ಮಾತ್ರೆಯ ಡಬ್ಬಿ ನೋಡಿದರು. ಆಮೇಲೆ ಸುಮ್ಮನೆ ಇಬ್ಬರೂ ಕೂತು ಹೋಗಿ ಬರುವ ಲಾರಿ ನೋಡಿದರು. ಇಲ್ಲಿ ಹಡಗಿಲ್ಲವಲ್ಲ ಸಾರ್ ಅಂತ ಅಪ್ಪಲರಾಜು ನಕ್ಕ. ಸರ್ ನಗಲಿಲ್ಲ.

ನಾನು ಮಂಗಮ್ಮನನ್ನು ಒಳಗೆ ಕರೆದು ಹೇಳಿದೆ. ಅವನ ಹೃದಯಕ್ಕೆ ಈಗ ಬೇಕಾಗಿರುವ ಔಷಧವೇ ನಡಿಗೆ, ದಿನಕ್ಕೆ ಐದು ನಿಮಿಷ, ಆಮೇಲೆ ಹತ್ತು, ಹೀಗೇ ಕೂತರೆ ಇನ್ನು ಏಳಲಾಗುವುದಿಲ್ಲ ಅಂದೆ. ನಾನಾಗಿ ಆ ಮಾತು ಹೇಳಿದ್ದು ಎಷ್ಟೋ ವರ್ಷಕ್ಕೆ ಅವತ್ತೇ ಮೊದಲು. ಅವಳಿಗೆ ಅದೆಲ್ಲ ಗೊತ್ತಿತ್ತು. ಇವರಂತೆಯೇ ಅರ್ಜಿ ಹಾಕಿದ್ದ ಇನ್ನೊಬ್ಬ ತರಕಾರಿ ಚೀಲ ಹಿಡಿದು ನಡೆಯುವುದನ್ನು ಯಾರೋ ಫೋಟೋ ತೆಗೆದು, ಹೆಸರಿಲ್ಲದ ಪತ್ರದ ಜೊತೆ ಆಫೀಸಿಗೆ ಕಳಿಸಿ, ಅವನ ಫೈಲು ನಿಂತುಹೋಗಿತ್ತಂತೆ. ಆರ್ಡರು ಬರುವವರೆಗೆ ತಡೆಯಿರಿ, ಬಂದ ದಿನವೇ ನಾನೇ ಕೈ ಹಿಡಿದು ನಡೆಸುತ್ತೇನೆ ಅಂದಳು. ಬೋರ್ಡಿನವರು ನೋಡುವುದು ಎದೆಯ ಸ್ಕ್ಯಾನನ್ನು, ಅವನು ನಾಲ್ಕು ಹೆಜ್ಜೆ ಹಾಕಿದನೋ ಇಲ್ಲವೋ ಎಂಬುದನ್ನಲ್ಲ, ಸರ್ ಹೇಳಲಿಲ್ಲವಾ ಅಂತ ಕೇಳಿದೆ.

"ಹೇಳಿದರಮ್ಮಾ. ಏನೂ ಆಗಲ್ಲ, ನಾನಿದ್ದೀನಿ ಅಂತ ಆಗಲೂ ಹೇಳಿದ್ದರು" ಅಂದಳು ಮಂಗಮ್ಮ.

ಸಿಟ್ಟಿನಿಂದ ಹೇಳಿದ್ದಲ್ಲ. ಸರ್ ಅವರಿಗೆ ಮಜ್ಜಿಗೆ ಕೊಡಲು ಲೋಟ ತೊಳೆಯುತ್ತಾ, ಇದ್ದದ್ದನ್ನು ಇದ್ದ ಹಾಗೆ ಹೇಳಿದಳು, ಅಷ್ಟೇ.

ನಾನು ಹೊರಗೆ ಬಂದು ಅಪ್ಪಲರಾಜುವಿನ ಕಾಲ ಬಳಿ ಕೂತೆ. ಕೂತಲ್ಲೇ ಪಾದ ಮೇಲೆ ಕೆಳಗೆ ಮಾಡುವುದು, ಹಿಮ್ಮಡಿ ಎತ್ತಿ ಇಳಿಸುವುದು, ಇಷ್ಟನ್ನು ತೋರಿಸಿಕೊಟ್ಟೆ. ಮಂಗಮ್ಮ ಒಂದು ಹಳೇ ಸೀರೆ ತಂದು ಅವನ ತೊಡೆಯಿಂದ ಕೆಳಗೆ ಹೊದಿಸಿದಳು, ದಾರಿಯಲ್ಲಿ ಹೋಗುವವರಿಗೆ ಕಾಣದಿರಲಿ ಎಂದು. ಸೀರೆಯ ಕೆಳಗೆ ಆ ಊದಿದ ಪಾದಗಳು ಕದ್ದು ಕದ್ದು ಅಲುಗುತ್ತಿದ್ದವು. ಸರ್ ಅದನ್ನೇ ನೋಡುತ್ತಾ ಕೂತಿದ್ದರು. ವಾಪಸು ಬಂದು ಮನೆಯ ಹತ್ತಿರ ಆಟೋ ಇಳಿದ ಮೇಲೆ, "ನಾ ಅಲ್ಲಿಗೆ ಹೋಗಿ ಏನೂ ಮಾಡಂಗಿಲ್ಲ ನೋಡು. ಅಂವಾ ಕೂತಾನ, ನಾನೂ ಕೂಡತೀನಿ" ಅಂದರು.

ಅದು ಅಕ್ಷರಶಃ ನಿಜ ಅನ್ನುವುದು ಮೇಡಂ ಹೇಳಿದ ಮೇಲೆ ತಿಳಿಯಿತು. ವಿಜಯವಾಡಕ್ಕೆ ಬಂದ ಮೇಲೆ ಅವರು ಬೆಳಗಿನ ನಡಿಗೆ ಬಿಟ್ಟಿದ್ದರಂತೆ. ನದಿಯ ದಂಡೆ ಹತ್ತಿರದಲ್ಲೇ ಇದ್ದರೂ ಹೋಗುತ್ತಿರಲಿಲ್ಲ. ಸಕ್ಕರೆಗೆ ಇನ್ಸುಲಿನ್ ಶುರುವಾಗಿತ್ತು. ನೀವಾದರೂ ಹೇಳಿ ಅಂತ ಮೇಡಂ ನನ್ನ ಕೈ ಹಿಡಿದುಕೊಂಡರು. ಹೇಳಿದೆ. ಒಳ್ಳೇದು ಅಂದರು, ಮೊದಲು ರೋಗಿಗಳಿಗೆ ಅನ್ನುತ್ತಿದ್ದ ಹಾಗೆಯೇ. ಒಬ್ಬ ಮನುಷ್ಯನನ್ನು ನಡೆಸಲಾರದೆ ಹೋದದ್ದಕ್ಕೆ ತಾನೂ ನಡೆಯದೆ ಕೂರುವುದು ಯಾವ ನ್ಯಾಯ? ಹಾಗೆ ಕೇಳಬೇಕು ಅನ್ನಿಸಿತು, ಕೇಳಲಿಲ್ಲ. ಈಗ ಯಾರನ್ನು ಕೇಳಲಿ?

ತಿಂಗಳ ಹಿಂದೆ ಸರ್ ಅವರಿಗೆ ಜ್ವರ ಬಂತು, ಎದೆಗೆ ಇಳಿಯಿತು, ಐದು ದಿನ ಆಸ್ಪತ್ರೆಯಲ್ಲಿದ್ದು ತೀರಿಕೊಂಡರು. ಹೋಗಿ ಮಣ್ಣು ಹಾಕಿ ಬಂದೆವು. ಮಂಗಮ್ಮ ಬಂದಿದ್ದಳು, ಗೋಡೆಯ ಪಕ್ಕ ನಿಂತಿದ್ದಳು. ಗಂಡನಿಗೆ ಹೇಳಿಲ್ಲ, ಆ ಎದೆ ಇದನ್ನು ತಡೆಯುವುದಿಲ್ಲ ಅಂದಳು. ಡಾಕ್ಟರುಗಾರು ತಮ್ಮ ಊರಿಗೆ ಹೋಗಿದ್ದಾರೆ ಎಂದು ಸುಳ್ಳು ಹೇಳಿ ಇಟ್ಟಿದ್ದಳು.

ನಿನ್ನೆ ಮಧ್ಯಾಹ್ನ ಅವಳ ಫೋನು. ಆರ್ಡರು ಬಂದಿದೆ. ಅಪ್ಪಲರಾಜು ಅನರ್ಹ ಎಂದು ಬೋರ್ಡು ಒಪ್ಪಿದೆ, ಮಗಳಿಗೆ ಕೆಲಸದ ಪತ್ರ ಕೈಗೆ ಸಿಕ್ಕಿದೆ. ಅವಳು ಅಳುತ್ತಿದ್ದಳು. ಏಳು, ಇನ್ನು ಭಯವಿಲ್ಲ, ನಾಲ್ಕು ಹೆಜ್ಜೆ ಹಾಕು ಎಂದು ಬೆಳಗ್ಗೆಯಿಂದ ತಾನೂ ಮಗಳೂ ಹೇಳಿ ಸಾಕಾಯಿತು, ಕೇಳುತ್ತಿಲ್ಲ, ಸಾರ್ ಇಲ್ಲವಲ್ಲ, ನೀವೇ ಹೇಳಿ ಎಂದು ಫೋನು ಗಂಡನ ಕಿವಿಗೆ ಹಿಡಿದಳು.

ಹೇಳಿದೆ. ಆರ್ಡರು ಬಂತಲ್ಲ ಅಪ್ಪಲರಾಜು, ಇನ್ನು ಯಾರು ನೋಡಿದರೂ ಏನೂ ಇಲ್ಲ, ಗೋಡೆ ಹಿಡಿದುಕೊಂಡು ಇವತ್ತು ಬಾಗಿಲವರೆಗೆ ಮಾತ್ರ, ನಾಳೆ ಇನ್ನೊಂದಿಷ್ಟು. ಅವನು ಎಲ್ಲವನ್ನೂ ಕೇಳಿಸಿಕೊಂಡ. ಸಾರು ಚೆಪ್ಪಾರಾ ಅಂತ ಕೇಳಿದ, ಸರ್ ಹೇಳಿದರಾ ಅಂತ. ಹೌದು, ಸರ್ ಹೇಳಿದ್ದಾರೆ ಅಂದೆ.

"ಹಾಗಾದರೆ ಗುರುವಾರ ಬರಲಿ ಅಮ್ಮಾ. ಇಷ್ಟು ದಿನ ನನ್ನ ಪಕ್ಕ ಕೂತವರು ಅವರು. ನಾನೊಬ್ಬನೇ ಎದ್ದುಬಿಟ್ಟರೆ ಚೆನ್ನಾಗಿರಲ್ಲ. ಊರಿನಿಂದ ಬಂದ ಮೇಲೆ ಇಬ್ಬರೂ ಏಳ್ತೀವಿ" ಅಂದ ಅಪ್ಪಲರಾಜು.

ಆಗಲಿ ಅಂದೆ. ಇವತ್ತು ಗುರುವಾರ.